ಬಾತ್‌ರೂಮಿನ ಹೊಸ್ತಿಲು

ನಿಮ್ಮ ಮಗಳು ಮೊದಲ ಸಲ ಅಂಬೆಗಾಲಿಟ್ಟು ಹೋದದ್ದೆಲ್ಲಿಗೆ ಎಂದು ಯಾರಾದರೂ ಕೇಳಿದರೆ ನಾನು ಒಂದಿಷ್ಟೂ ನಾಚಿಕೆಯಿಲ್ಲದೆ ಹೇಳುತ್ತೇನೆ: ಬಾತ್‌ರೂಮಿಗೆ! ಹೇಳುವಾಗ ಈಗಲೂ ಮೈ ಜುಮ್ಮೆನ್ನುತ್ತದೆ.

ಆಗ ಅವಳಿಗೆ ಹತ್ತು ತಿಂಗಳು ತುಂಬಿತ್ತು. ಕೂರಿಸಿದಲ್ಲಿ ಕೂರುತ್ತಿದ್ದಳು, ಕಿಲಕಿಲ ನಗುತ್ತಿದ್ದಳು, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತಿದ್ದಳು. ಆದರೆ ಕೂತಲ್ಲಿಂದ ಒಂದು ಗೇಣು ಕದಲಬೇಕಲ್ಲ, ಊಹೂಂ! ಮುಂಬೈ ಬೊರಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಅವಳ ಓರಗೆಯ ಮಕ್ಕಳೆಲ್ಲ ಲಿಫ್ಟಿನ ಬಾಗಿಲವರೆಗೂ ಹೋಗಿ ಬರುತ್ತಿದ್ದವು. ಎದುರುಮನೆಯ ಮರಾಠಿ ಹೆಂಗಸು ನನ್ನನ್ನು ಕಂಡಾಗಲೆಲ್ಲ "ಅಜೂನ್ ರಾಂಗತ್ ನಾಹೀ?" ಎನ್ನುವಳು. ಇನ್ನೂ ಅಂಬೆಗಾಲಿಲ್ಲವೇ ಅಂತ. ಒಂದು ದಿನ ತಲೆ ಕೆಟ್ಟು, "ದಿನಾ ಯಾಕೆ ಕೇಳ್ತೀರಿ?" ಎಂದು ಹಿಂದಿಯಲ್ಲಿ ಸಿಡುಕಿಯೇಬಿಟ್ಟೆ.

ಡಾಕ್ಟರು ನೋಡಿ, "ಕೈಕಾಲು ಚೆನ್ನಾಗಿವೆ. ಎತ್ತಿಕೊಳ್ಳೋದು ಕಡಿಮೆ ಮಾಡಿ, ನೆಲದ ಮೇಲೆ ಬಿಡಿ. ಒಂದು ತಿಂಗಳು ಕಾಯೋಣ, ಆಗಲೂ ಕದಲದಿದ್ದರೆ ದೊಡ್ಡ ಆಸ್ಪತ್ರೆಯಲ್ಲಿ ತೋರಿಸೋಣ" ಎಂದಿದ್ದರು. ಆ ಕೊನೆಯ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತ್ತು.

ಬಾಣಂತನಕ್ಕೆಂದು ಧಾರವಾಡದಿಂದ ಬಂದು ಇಲ್ಲೇ ಉಳಿದಿದ್ದ ನನ್ನ ಅವ್ವನಿಗೆ ಮಾತ್ರ ಇದ್ಯಾವುದೂ ತಟ್ಟಿದಂತೆ ಕಾಣಲಿಲ್ಲ. "ಹೋಗ್ತಾಳ ತಗೋ, ಏನ್ ಅವಸರ ಅದ? ನೀ ಏನ್ ಹುಟ್ಟಿದ ಕೂಡ್ಲೆ ಓಡ್ಯಾಡಿದ್ದೇನ?" ಎಂದು ನಗುತ್ತಿದ್ದಳು. ಅವಳ ಚಿಂತೆಯೇ ಬೇರೆ. ಕೂಸು ಮೊದಲ ಸಲ ಹೊಸ್ತಿಲು ದಾಟಿದ ದಿನ ಆ ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡಿ ಸಿಹಿ ಹಂಚಬೇಕು. ಅದು ತಲೆಬಾಗಿಲಿನದ್ದೇ ಆಗಬೇಕು. ನಮ್ಮ ಫ್ಲ್ಯಾಟಿನ ತಲೆಬಾಗಿಲಿಗೋ ನೆಲಕ್ಕೆ ಅಂಟಿದ ಒಂದು ಮಾರ್ಬಲ್ ಪಟ್ಟಿ, ಅಷ್ಟೇ. "ಇದಕ್ಕ ಹೊಸ್ತಿಲಾ ಅಂತಾರೇನ?" ಎಂದು ಗೊಣಗುತ್ತಲೇ ಅವ್ವ ದಿನಾ ಅದನ್ನು ಒರೆಸುತ್ತಿದ್ದಳು. ಕೂಸನ್ನು ಅದಕ್ಕೆ ಮುಖ ಮಾಡಿ ಕೂರಿಸಿ, ಆಚೆ ನಿಂತು ಗಿಲಕಿ ಆಡಿಸುತ್ತಿದ್ದಳು. ಮನೆಯಲ್ಲಿ ಎತ್ತರದ ಹೊಸ್ತಿಲು ಎಂಬುದು ಇದ್ದದ್ದು ಬಾತ್‌ರೂಮಿಗೊಂದೇ, ನೀರು ಹೊರಗೆ ಹರಿಯದ ಹಾಗೆ ಕಟ್ಟಿದ್ದು. "ಅತ್ಲಾಗ ಕೂಸಿನ್ನ ಬಿಟ್ಟೀ ಮತ್ತ!" ಎಂದು ನನಗೆ ತಾಕೀತಾಗಿತ್ತು.

ಡಾಕ್ಟರು ಹೇಳಿದ ತಿಂಗಳಿಗೆ ಮೂರೇ ದಿನ ಉಳಿದಿತ್ತು. ಬೆಳಿಗ್ಗೆ ನೀರು ಬಂದ ಹೊತ್ತು. ಬಾತ್‌ರೂಮಿನ ಬಕೆಟ್ಟಿಗೆ ನಲ್ಲಿ ಬಿಟ್ಟು, ಮಗಳನ್ನು ನಡುಮನೆಯ ಚಾಪೆಯ ಮೇಲೆ ಕೂರಿಸಿ, ಉಕ್ಕುತ್ತಿದ್ದ ಹಾಲು ಇಳಿಸಲು ಅಡುಗೆಮನೆಗೆ ಹೋದೆ. ತಿರುಗಿ ನೋಡುತ್ತೇನೆ, ಚಾಪೆ ಖಾಲಿ!

ಟಪ್, ಟಪ್. ಅಂಗೈ ಟೈಲ್ಸಿಗೆ ಬಡಿಯುವ ಸದ್ದು. ಅಯ್ಯೋ ದೇವರೇ, ನನ್ನ ಮಗಳು! ಎರಡು ಕೈ, ಎರಡು ಮಂಡಿ, ನೀರಿನ ಸದ್ದು ಬಂದ ಕಡೆಗೆ ಸರಸರನೆ ಹೊರಟಿದ್ದಾಳೆ. ಹೊಸ್ತಿಲಿಗೆ ಕೈಯೂರಿದಳು, ಹೊಟ್ಟೆ ಅಡ್ಡ ಸಿಕ್ಕಿತು, ತಿಣುಕಿದಳು, ಒಂದು ಕಾಲು ಎಳೆದುಕೊಂಡಳು, ಇನ್ನೊಂದು ಕಾಲೂ ಬಂತು. ದಾಟಿಬಿಟ್ಟಳು! ನಾನು ಚೀರಿದ ಚೀರಿಗೆ ಎದುರುಮನೆಯವಳು ಓಡಿಬಂದಳು. "ರಾಂಗ್ಲೀ! ರಾಂಗ್ಲೀ!" ಎಂದು ನನ್ನ ಎರಡೂ ಕೈ ಹಿಡಿದು ಕುಣಿದಳು. ಸಿಡುಕಿದ್ದಕ್ಕೆ ನನಗೆ ಕೆಟ್ಟೆನಿಸಿತು.

ಅಷ್ಟರಲ್ಲಿ ಅವ್ವ ಬಂದಳು. ಸತ್ತೆ, ಈಗ ಕೂಸನ್ನು ಎತ್ತಿಕೊಂಡು ಹೋಗಿ ತಲೆಬಾಗಿಲಲ್ಲಿ ಮತ್ತೆ ದಾಟಿಸುತ್ತಾಳೆ ಅಂದುಕೊಂಡೆ. ಆದರೆ ಅವ್ವ ದೇವರ ಮುಂದಿನ ಅರಿಶಿನ ಕುಂಕುಮದ ಬಟ್ಟಲು ತಂದು, ಬಾತ್‌ರೂಮಿನ ಬಾಗಿಲಲ್ಲಿ ಮಂಡಿಯೂರಿ ಕೂತು, ಒದ್ದೆ ಹೊಸ್ತಿಲಿಗೆ ಅರಿಶಿನ ಬಳಿಯತೊಡಗಿದಳು.

"ಅವ್ವಾ, ಇದು ಬಾತ್‌ರೂಮು" ಎಂದೆ ನಗುತ್ತ.

"ಯಾವ್ದರ ಇರ್ಲಿ. ದಾಟಿದ್ಲಲ್ಲ!" ಎಂದವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಆ ಡಾಕ್ಟರ್ ಹಂಗಂದಾಗಿಂದ ನನಗ ಒಂದ್ ತುತ್ತು ಸರಿಯಾಗಿ ಇಳಿದಿಲ್ಲ ನೋಡವಾ. ನಾನೂ ಅತ್ತರ ನೀ ಪೂರಾ ಕುಸೀತಿದ್ದಿ."

ತಿಂಗಳಿಡೀ ಎದುರುಬದುರು ಕೂತು ಉಂಡವರು ನಾವು. ನಾನು ಮಗಳ ಮಂಡಿಯನ್ನಷ್ಟೇ ನೋಡುತ್ತಿದ್ದೆ, ಅವ್ವನ ತಾಟನ್ನು ಒಂದು ದಿನವೂ ನೋಡಿರಲಿಲ್ಲ.