ಉಸಿರು ಬಿಗಿಹಿಡಿದು ಕೊಟ್ಟ ಅಳತೆ

ಕೋಟು ಹೊಲಿಯುವ ಆ ಕಟಿಂಗ್ ಮಾಸ್ತರರು ಮೂವತ್ತೆಂಟು ವರ್ಷಗಳಿಂದ ಗಿರಾಕಿಗಳಿಗೆ ಒಂದೇ ಮಾತು ಹೇಳುತ್ತ ಬಂದಿದ್ದರು: "ಉಸಿರು ಬಿಡಿ ಸ್ವಾಮಿ." ಟೇಪು ಸೊಂಟಕ್ಕೆ ತಾಗಿದರೆ ಸಾಕು, ಎಂಥವರೂ ಹೊಟ್ಟೆಯನ್ನು ಒಳಗೆಳೆದುಕೊಳ್ಳುತ್ತಾರೆ. ಆ ಅಳತೆಗೆ ಹೊಲಿದ ಕೋಟು ಕೂತ ಕೂಡಲೇ ಗುಂಡಿ ಹಾರಿಸುತ್ತದೆ. ಹೊಟ್ಟೆ ಸೋತು ಹೊರಬರುವ ತನಕ ಮಾಸ್ತರರು ಟೇಪು ಹಿಡಿದು ಸುಮ್ಮನೆ ಕಾಯುತ್ತಿದ್ದರು.

ಮೂರು ತಿಂಗಳಿಂದ ಅವರ ಬಲಗೈ ಹೇಳಿದ ಮಾತು ಕೇಳುತ್ತಿರಲಿಲ್ಲ. ಬೆರಳಲ್ಲಿ ಸೀಮೆಸುಣ್ಣ ಇದೆಯೋ ಇಲ್ಲವೋ ತಿಳಿಯದು. ಕತ್ತರಿ ಜಾರಿ ಕಾಲ ಬಳಿ ಬೀಳುವುದು. ಕುತ್ತಿಗೆಯ ಸ್ಕ್ಯಾನ್ ನೋಡಿದ ಅವರ ಬೀದಿಯ ಡಾಕ್ಟರು ನರದ ಸರ್ಜನ್ ಬಳಿಗೆ ಕಳಿಸಿದ್ದರು. ಕುತ್ತಿಗೆಗೆ ಕತ್ತಿ ಹಾಕಿದರೆ ಇರುವ ಕೈಯೂ ಹೋದೀತೆಂದು ಮಾಸ್ತರರಿಗೆ ಭಯ. ಅದಕ್ಕೇ ಕೈ ಚೆನ್ನಾಗಿದೆಯೆಂದು ತೋರಿಸಲು ವಾರವಿಡೀ ಕನ್ನಡಿ ಮುಂದೆ ಅಂಗಿಯ ಗುಂಡಿ ಹಾಕಿ ಬಿಚ್ಚಿ, ಪರೀಕ್ಷೆಗೆ ಓದುವ ಹುಡುಗರ ಹಾಗೆ ತಯಾರಾಗಿದ್ದರು.

ಅಂಗಡಿಯಲ್ಲಿ ಗುಂಡಿಗಳಿಗೆ ಕಾಜಾ ಹೊಲಿಯುವ ಹೆಂಡತಿ ಬೇರೆಯೇ ತಯಾರಿ ಮಾಡಿದ್ದಳು. ಕಟಿಂಗ್ ಕಾಗದದ ಚೂರಿನ ಮೇಲೆ ಕತ್ತರಿ ಬಿದ್ದ ದಿನಗಳು, ಮೆಟ್ಟಿಲಲ್ಲಿ ತೂರಾಡಿದ್ದು, ನುಂಗುವ ಮಾತ್ರೆಗಳು ಎಲ್ಲವನ್ನೂ ಬರೆದು ಅವರ ಜೇಬಿಗಿಟ್ಟಿದ್ದಳು.

"ಕೂತ್ಕೊಳ್ರೀ, ಹೀಗೇ ಓಡಾಡಿ ಆಸ್ಪತ್ರೆ ನೆಲ ಸವೆಸ್ಬೇಡಿ," ಎಂದಳು ಹೆಂಡತಿ.

"ನೆಲ ಅವರದು. ನಿನಗೇನು ನಷ್ಟ?"

"ಚಪ್ಪಲಿ ನಮ್ದಲ್ವಾ?"

ಹೆಸರು ಕರೆದಾಗ ಅವಳೂ ಎದ್ದಳು. "ನೀನು ಇಲ್ಲೇ ಚೀಲ ನೋಡ್ಕೋ" ಎಂದು ಮಾಸ್ತರರು ಒಬ್ಬರೇ ಒಳಗೆ ಹೋದರು.

ಸರ್ಜನ್, ಮಾಸ್ತರರ ಮಗಳ ವಯಸ್ಸಿನ ಹೆಂಗಸು. ಗುಂಡಿ ಹಾಕಿ ತೋರಿಸಿ ಎಂದಳು. ಮನೆ ದಾರಿ ಬಲ್ಲ ಎತ್ತಿನ ಹಾಗೆ ಬೆರಳುಗಳು ತಾವಾಗಿ ನಡೆದವು.

"ವಸ್ತು ಜಾರಿ ಬೀಳುತ್ತಾ? ನಡೀವಾಗ ತೂರಾಡ್ತೀರಾ?"

"ಏನಿಲ್ಲಮ್ಮ, ಕಲ್ಲುಗುಂಡಿನ ಹಾಗಿದೀನಿ."

"ಸ್ಕ್ಯಾನ್‌ನಲ್ಲಿ ನರ ಒತ್ತಿರೋದು ಕಾಣ್ತಿದೆ. ಆದ್ರೆ ನಾನು ಆಪರೇಷನ್ ಮಾಡೋದು ಮನುಷ್ಯನಿಗೆ, ಫೋಟೋಗಲ್ಲ. ಕೈ ಇಷ್ಟು ಚೆನ್ನಾಗಿದ್ರೆ ಸದ್ಯಕ್ಕೆ ಕಾದು ನೋಡೋಣ. ಆರು ತಿಂಗಳು ಬಿಟ್ಟು ಬನ್ನಿ."

ಮಾಸ್ತರರು ಗೆದ್ದವರಂತೆ ಹೊರಗೆ ಬಂದರು.

"ಚೀಟಿ ಕೊಟ್ರಾ?"

"ಅವರು ಕೇಳ್ಲಿಲ್ಲ."

ಹೆಂಡತಿ ಮೇಲಿಂದ ಕೆಳಗೆ ಅವರನ್ನೊಮ್ಮೆ ನೋಡಿದಳು. "ಹೊಟ್ಟೆ ಒಳಗೆ ಎಳ್ಕೊಂಡು ನಿಂತಿದ್ರಿ ಅನ್ನಿ."

ಅವರು ಮೆಟ್ಟಿಲಿಗೆ ನಡೆದರು. ಕಬ್ಬಿಣದ ಕಂಬಿ ಹಿಡಿದರು. ಎಡಗೈಯಲ್ಲಿ ಮುಟ್ಟಿದರೆ ತಣ್ಣಗೆ, ಬಲಗೈಗೆ ಏನೂ ಇಲ್ಲ. ಎರಡು ಮೆಟ್ಟಿಲು ಇಳಿದರು, ನಿಂತರು, ಒಂದು ಹತ್ತಿದರು, ಮತ್ತೆ ನಿಂತರು. ಆರು ತಿಂಗಳು! ಅಷ್ಟರಲ್ಲಿ ಎಷ್ಟು ಕತ್ತರಿ ಬಿದ್ದೀತು?

"ನಿಮ್ದು ಆಯ್ತಲ್ಲ?" ಸರ್ಜನ್ ಕೋಣೆಯ ಬಾಗಿಲಿಗೆ ವಾಪಸಾದ ಅವರನ್ನು ನರ್ಸ್ ತಡೆದಳು.

"ಆಗಿಲ್ಲ ತಾಯಿ. ಅಳತೆ ತಪ್ಪು ಕೊಟ್ಟು ಬಂದೆ."

ಈ ಸಲ ಹೆಂಡತಿಯೂ ಜೊತೆಗೆ ಹೋದಳು. ಸರ್ಜನ್ ಚೀಟಿಯನ್ನು ಎರಡು ಸಲ ಓದಿದಳು. "ರಕ್ತ ಗಟ್ಟಿಯಾಗದ ಹಾಗೆ ಮಾತ್ರೆ ತಗೋತಿದೀರಾ? ಇದನ್ನ ಹೇಳದೇ ಆಪರೇಷನ್‌ಗೆ ಬಂದಿದ್ರೆ ನಮ್ಮಿಬ್ಬರ ಗತಿಯೂ ಮುಗೀತಿತ್ತು. ಆದ್ರೆ ನಾವು ಹೇಳೋವರೆಗೆ ನೀವಾಗೇ ನಿಲ್ಲಿಸ್ಬೇಡಿ. ಈಗ ಕಣ್ಮುಚ್ಚಿ."

ಸರ್ಜನ್ ಹೆಂಡತಿಯಿಂದ ಏನನ್ನೋ ಇಸಿದುಕೊಂಡು ಅವರ ಬಲ ಅಂಗೈಯಲ್ಲಿಟ್ಟಳು.

"ಏನಿದೆ ಕೈಯಲ್ಲಿ?"

ಮಾಸ್ತರರು ಬೆರಳಾಡಿಸಿದರು. ಊಹಿಸಿ ಹೇಳಿಬಿಡಲೇ ಎಂದು ನಾಲಿಗೆ ತುರಿಸಿತು. ಕೊನೆಗೆ ದೀರ್ಘವಾಗಿ ಉಸಿರು ಬಿಟ್ಟರು.

"ಗೊತ್ತಾಗ್ತಿಲ್ಲಮ್ಮ."

"ಆಪರೇಷನ್ ಮಾಡದಿದ್ರೆ?" ಹೆಂಡತಿ ಕೇಳಿದಳು.

"ಇನ್ನಷ್ಟು ಕೆಡಬಹುದು. ಮಾಡಿದ್ರೆ ಕೆಡೋದನ್ನ ತಡೀಬಹುದು. ಹೋಗಿರೋದು ಪೂರ್ತಿ ವಾಪಸ್ ಬರುತ್ತೆ ಅಂತ ಮಾತು ಕೊಡಲ್ಲ. ಅಪಾಯವೂ ಇದೆ, ಎಲ್ಲಾ ಹೇಳ್ತೀನಿ."

ಮಾಸ್ತರರು ಕಣ್ಣು ತೆರೆದರು. ಅಂಗೈಯಲ್ಲಿ ಹೆಂಡತಿಯ ಚೀಲದಿಂದ ಬಂದ ನಾಲ್ಕು ತೂತಿನ ಕೋಟಿನ ಗುಂಡಿ.

"ಹೇಳಿ," ಎಂದರು, "ಒಂದೂ ಬಿಡದೆ ಹೇಳಿ."