ಐಸಿಯ ಎಂಟನೇ ಕಾಲು

ಇವತ್ತು ಸರ್ಕ್ಯೂಟ್ ಜೋಡಿಸುತ್ತಿದ್ದ ಮಗಳ ಕೋಣೆಯಿಂದ ಬೆಸುಗೆಯ ಹೊಗೆ ಮೂಗಿಗೆ ಬಡಿದದ್ದೇ ತಡ, ಮನಸ್ಸಿನಲ್ಲಿ ನಾನು ನಿಗಡಿಯ ನಮ್ಮ ಹಳೆಯ ಮನೆಯಲ್ಲಿದ್ದೆ.

ಅಜ್ಜಿಗೆ ಕಿವಿ ಮಂದ. ಇಷ್ಟದ ಭಜನೆಯ ಕ್ಯಾಸೆಟ್ಟೂ ಕೇಳಿಸುತ್ತಿರಲಿಲ್ಲ. ಅವಳಿಗಾಗಿ ಅಪ್ಪನೂ, ಪಿಂಪ್ರಿಯ ಕಾರ್ಖಾನೆಯಲ್ಲಿ ರೇಡಿಯೋ ಜೋಡಿಸುತ್ತಿದ್ದ ಅವನ ತಂಗಿ ಸರೋಜತ್ತೆಯೂ ಸೇರಿ, ಹೆಡ್‌ಫೋನಿನ ದನಿ ಹೆಚ್ಚಿಸುವ ಪುಟ್ಟ ಆಂಪ್ಲಿಫೈಯರ್ ಕಟ್ಟುತ್ತಿದ್ದರು. ಎಂಟು ತಂತಿಕಾಲಿನ ಐಸಿ ಎಂಬ ಪುಟ್ಟ ಚಿಪ್ ಅನ್ನು ಅದರಲ್ಲಿ ಕೂರಿಸುವಾಗ ಅಪ್ಪನ ಕೈಯಲ್ಲಿ ಒಂದು ಕಾಲು ಟಕ್ಕನೆ ಮುರಿಯಿತು.

"ನಾನೇ ಎಲ್ಲಾ ಕೆಡಿಸಿಬಿಟ್ಟೆ ನೋಡು, ಸರೂ," ಎಂದು ಅಪ್ಪ ಮುಖ ಬಾಡಿಸಿದ.

ಅತ್ತೆ ಐಸಿಯನ್ನು ಬೆಳಕಿಗೆ ಹಿಡಿದು ನಕ್ಕಳು. "ಅಣ್ಣಾ, ಈ ಕಾಲಿಗೆ ಒಳಗ ಏನೂ ಜೋಡಿಸಿಲ್ಲ. ಇದರ ಕೆಲಸಕ್ಕ ಏಳು ಕಾಲು ಸಾಕು. ಆದ್ರ ಭಾಳ ಐಸಿಗೆ ಒಂದೇ ಅಳತಿ ಕವಚ ಮಾಡ್ತಾರ, ಅದಕ್ಕ ಎಂಟು ಕಾಲು ಇರ್ತಾವ. ಹಿಂಗಾಗಿ ಒಂದು ಸುಮ್ನ ಉಳೀತದ."

ಹಾಗೆಯೇ ಕೂರಿಸಿದರು. ಹೆಡ್‌ಫೋನು ಹಾಕಿಕೊಂಡ ಅಜ್ಜಿ ಕಣ್ಣರಳಿಸಿ, ಇಡೀ ಕಾಲೋನಿಗೆ ಕೇಳುವಂತೆ ಕೂಗಿದಳು: "ಏ, ತಾಳದ ಸಪ್ಪಳನೂ ಕೇಳಸ್ತದ!" ಕೂಡಲೇ ಗಂಟಲು ಬಿಟ್ಟು ಹಾಡತೊಡಗಿದಳು. ಪಕ್ಕದ ಮನೆಯ ಮರಾಠಿ ಹೆಂಗಸು, ನಮ್ಮ ಕಾಕೂ, "ಕಾಯ್ ಝಾಲಂ? ಏನಾಯ್ತು?" ಎನ್ನುತ್ತ ಓಡಿ ಬಂದಾಗ, ಅಪ್ಪ ತಟ್ಟೆ ಬಡಿಯುತ್ತ ಅಜ್ಜಿಗೆ ತಾಳ ಹಾಕುತ್ತಿದ್ದ.

"ಯಾಕ ಒಬ್ಬಾಕಿನೇ ನಗ್ಲಿಕತ್ತೀ, ಅವ್ವಾ?" ಬೆಸುಗೆ ಕಡ್ಡಿ ಕೆಳಗಿಟ್ಟು ಮಗಳು ಕೇಳಿದಳು. ಆ ಮುರಿದ ಕಾಲಿನ ಕತೆ ಹೇಳಲು ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕುಳಿತೆ.