ಮಾವ ಮುಗಿಸುವ ತನಕ

ನಾನು ಕೂರಲು ಹೋದ ಜಾಗದಲ್ಲಿ ಯಾರೂ ಇರಲಿಲ್ಲ. ಆದರೂ ಅತ್ತೆ ನನ್ನ ಸೆರಗು ಹಿಡಿದು ಎಳೆದರು.

“ಅಲ್ಲಿ ಬ್ಯಾಡ ಕಣೆ. ಈ ಕಡೆ ಬಾ.”

ಬ್ಯಾಡ ಅಂದದ್ದು ಗೋಡೆ ಪಕ್ಕದ ಜಾಗ. ಹಾನುಬಾಳಿನ ಹತ್ತಿರದ ಆ ಪುಟ್ಟ ಚರ್ಚಿನಲ್ಲಿ ಅರ್ಧ ಬೆಂಚುಗಳು ಖಾಲಿಯೇ. (ಎಸ್ಟೇಟಿನ ಕೂಲಿಯವರ ಲೈನ್ ಮನೆಗಳೂ ಖಾಲಿಯಾಗುತ್ತಿವೆ, ಅದು ಬೇರೆ ಕಥೆ.) ಕಿಟಕಿಯಿಂದ ಮಂಜು ಒಳಗೇ ನುಗ್ಗಿ, ಮುಂದೆ ಕೂತವರ ತಲೆಗಳಷ್ಟೇ ಕಾಣುತ್ತಿದ್ದವು. ಇನ್ಯಾರೋ ಬರುವವರಿರಬೇಕು ಅಂದುಕೊಂಡು ಸರಿದು ಕೂತೆ.

ನಾನು ಹೋಗಿದ್ದೇ ಬೇರೆ ಕೆಲಸಕ್ಕೆ. ಲೂರ್ದು ಅತ್ತೆ ನನ್ನ ಅಪ್ಪನ ತಂಗಿ. ಮಂಡಿ ನೋವು ಇಟ್ಟುಕೊಂಡು ಪ್ರತಿ ಭಾನುವಾರ ಆ ಏರು ಹತ್ತುತ್ತಾರೆ. ಹೋದ ತಿಂಗಳು ಜಾರಿ ಬಿದ್ದರು. ಇನ್ನೊಮ್ಮೆ ಬಿದ್ದರೆ ಹಾಸಿಗೆಯೇ ಗತಿ ಅಂತ ಡಾಕ್ಟರು ಹೇಳಿಬಿಟ್ಟಿದ್ದಾರೆ. ಅದಕ್ಕೇ ಮನೆಯಲ್ಲೇ ಕೂತು ಪೂಜೆ ನೋಡಲಿ ಅಂತ ಒಂದು ಟ್ಯಾಬ್ ಒಯ್ದಿದ್ದೆ. ಹಾಸನದಲ್ಲಿ ನಾನು ಲಾಕ್‌ಡೌನ್ ಕಾಲದಿಂದ ಫೋನಿನಲ್ಲೇ ಪೂಜೆ ನೋಡುವವಳು. ಕಾಫಿ ಕುಡಿಯುತ್ತಾ, ಫಾದರ್ ಉಪದೇಶ ಉದ್ದವಾದರೆ ಮುಂದಕ್ಕೆ ಓಡಿಸುತ್ತಾ. ದೇವರಿಗೇನು, ಎಲ್ಲಿಂದ ಕೇಳಿದರೂ ಕೇಳುತ್ತೆ ಅಲ್ವಾ?

“ಇವತ್ತೊಂದಿನ ನನ್ ಜೊತೆ ಬಾ. ಆಮೇಲೆ ನಿನ್ ಟ್ಯಾಬ್ ನೋಡಾನ,” ಅಂದಿದ್ದರು ಅತ್ತೆ.

‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಅನ್ನುವ ಪ್ರಾರ್ಥನೆ ಶುರುವಾಯಿತು. ಬಾಯಿಪಾಠ ತಾನೇ? ನನ್ನದು ಎಂದಿನ ಎಕ್ಸ್‌ಪ್ರೆಸ್ ಸ್ಪೀಡು. ಅನುದಿನದ ಆಹಾರ ಕೇಳುವ ಸಾಲು ಮುಗಿಸಿ ಮುಂದಕ್ಕೆ ಹೋದೆ ನೋಡಿ, ನನ್ನ ದನಿಯೊಂದೇ ಚರ್ಚಿನಲ್ಲಿ ಕೇಳಿತು.

ಎಲ್ಲರೂ ನಿಲ್ಲಿಸಿದ್ದರು. ಬಲಿಪೀಠದ ಹತ್ತಿರ ಫಾದರ್ ಕೂಡ ಬಾಯಿ ಮುಚ್ಚಿ ನಿಂತಿದ್ದರು. ಯಾರೂ ತಿರುಗಿ ನೋಡಲಿಲ್ಲ, ಕೆಮ್ಮಲಿಲ್ಲ.

ಆಗ ಖಾಲಿ ಬಿಟ್ಟಿದ್ದ ಗೋಡೆ ಕಡೆಯಿಂದ ಕೇಳಿಸಿತು. ಮಾತಲ್ಲ, ತೊದಲು. ಭಾರದ ಮೂಟೆ ಎಳೆಯುವವರ ಹಾಗೆ ಒಂದೊಂದೇ ಅಕ್ಷರವನ್ನು ಎಳೆಯುವ ಉಸಿರು. ಬೆಂಚು ಸಣ್ಣಗೆ ಕಿರುಗುಟ್ಟಿತು. ಅತ್ತೆ ಆ ಕಡೆ ತಿರುಗಿ ತಲೆಯಾಡಿಸಿದರು. ಅಷ್ಟಾದ ಮೇಲೆ ಎಲ್ಲರೂ ಒಟ್ಟಿಗೇ ಮುಂದಿನ ಸಾಲು ಹಿಡಿದರು.

ಪೂಜೆ ಮುಗಿದು ಹೊರಗೆ ಬಂದಾಗ ಕೇಳಿದೆ, “ಏನತ್ತೆ ಅದು?”

“ನಿನ್ ಮಾವ ಮುಗಿಸ್ಲಿ ಅಂತ ಕಾಯ್ತಾರೆ ಕಣೆ.”

ಅಂತೋಣಿ ಮಾವ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ಲಕ್ವ ಹೊಡೆದು ನಾಲಿಗೆ ಎಳೆದುಕೊಂಡಿತ್ತು. ಗೋಡೆ ಪಕ್ಕ ಕೂತು ಹೇಳುತ್ತಾ, ಆ ಸಾಲಿಗೆ ಬರುವಷ್ಟರಲ್ಲಿ ಹಿಂದೆ ಬೀಳುತ್ತಿದ್ದರಂತೆ. ಅವರು ಮುಗಿಸುವ ತನಕ ಇಡೀ ಚರ್ಚು ನಿಲ್ಲುತ್ತಿತ್ತು. ಯಾರೂ ಮಾತಾಡಿ ತೀರ್ಮಾನ ಮಾಡಿದ್ದಲ್ಲ. ಹಾಗೇ ಅಭ್ಯಾಸ ಆಯಿತು.

“ಮಾವ ಹೋಗಿ ವರ್ಷ ಆಯ್ತಲ್ಲ ಅತ್ತೆ?”

“ಅದು ನಂಗ್ ಗೊತ್ತಿಲ್ವಾ? ಮಣ್ಣಾಕಿ ಬಂದ ಭಾನುವಾರನೂ ಎಲ್ಲಾ ನಿಂತ್ರು. ನಾನೇ ಹೇಳ್ದೆ, ಇನ್ನ್ ಬ್ಯಾಡ ಕಣ್ರೀ ಅಂತ. ಯಾರೂ ಕೇಳ್ಲಿಲ್ಲ. ಈ ಫಾದರ್ ಹೊಸಬ್ರು, ಮಾವನ ಮುಖನೂ ನೋಡಿಲ್ಲ. ಮೊದಲ್ನೇ ವಾರ ನಿನ್ ಹಂಗೆ ಓಡ್ಬುಟ್ರು. ಈಗ ಅವರೂ ನಿಲ್ತಾರೆ.”

ಅತ್ತೆ ನನ್ನ ಮುಖವನ್ನೇ ನೋಡಿದರು.

“ನಿಂಗ್ ಕೇಳಿಸ್ತಾ?”

“ಇಲ್ಲಪ್ಪ,” ಅಂದೆ. ಸುಳ್ಳು. ಹೆದರಿಕೆಗೆ ಹೇಳಿದ್ದು.

ಮನೆಗೆ ಬಂದು ಟ್ಯಾಬ್ ಆನ್ ಮಾಡಿ ತೋರಿಸಿದೆ. ಅತ್ತೆ ಕನ್ನಡಕ ಹಾಕಿಕೊಂಡು ಶ್ರದ್ಧೆಯಿಂದಲೇ ನೋಡಿದರು. ಚೆನ್ನಾಗೈತೆ ಅಂದರು. ಆಮೇಲೆ ಕೇಳಿದರು: “ಇದ್ರೊಳಗಿನ ಫಾದರ್ ನಿಲ್ತಾರಾ?”

ಟ್ಯಾಬ್ ಬ್ಯಾಗಿಗೆ ಸೇರಿತು. ಏರು ಹತ್ತುವಾಗ ಅತ್ತೆಯ ಕೈ ಹಿಡಿದುಕೊಳ್ಳಿ ಅಂತ ಪಕ್ಕದ ಲೈನಿನ ಸ್ಟೆಲ್ಲಾಗೆ ಹೇಳಿ ಬಂದೆ. “ನೀವ್ ಹೇಳ್ಬೇಕಾ? ಬಿದ್ದಾಗಿಂದ ನಾವೇ ಕರ್ಕೊಂಡೋಗ್ತಿರೋದು,” ಅಂದಳು ಆಕೆ.

ಮುಂದಿನ ಭಾನುವಾರ ಹಾಸನದ ನನ್ನ ಅಡುಗೆಮನೆ. ಫೋನಿನಲ್ಲಿ ಪೂಜೆ. ಆ ಸಾಲಿಗೆ ಬಂದಾಗ ನನ್ನ ಬಾಯಿ ತಾನಾಗೇ ನಿಂತಿತು. ಫೋನಿನ ಫಾದರ್ ನಿಲ್ಲಲಿಲ್ಲ. ಕಾಫಿ ಲೋಟ ಹಿಡಿದು ಕಾದೆ. ಗೋಡೆ ಕಡೆಯಿಂದ ಯಾವ ಉಸಿರೂ ಬರಲಿಲ್ಲ. ಹೋದ ವಾರಕ್ಕಿಂತ ಹೆಚ್ಚು ಹೆದರಿಕೆಯಾಗಿದ್ದು ಆಗಲೇ.

ನನ್ನ ನಾಲಿಗೆ ಎಳೆದುಕೊಂಡ ದಿನ, ಈ ಅಡುಗೆಮನೆಯಲ್ಲಿ ನಾನು ಮುಗಿಸುವ ತನಕ ನಿಲ್ಲೋರು ಯಾರ್ರೀ?